ಚಕ್ರ ಹಗುರಾದರೆ ಸೈಕಲ್ ಜೋರಾಗಿ ಓಡುತ್ತಾ?

‘ಚಕ್ರದಲ್ಲಿ ಒಂದು ಗ್ರಾಂ ಇಳಿಸಿದರೆ ಫ್ರೇಮಿನಲ್ಲಿ ಎರಡು ಗ್ರಾಂ ಇಳಿಸಿದ ಹಾಗೆ’ ಅನ್ನೋದು ಸೈಕಲ್ ಹುಚ್ಚಿರೋರ ಬಾಯಲ್ಲಿ ಸದಾ ಓಡಾಡೋ ಮಾತು. ಭಾನುವಾರ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ನನ್ನ ಜೊತೆ ತುಳಿಯೋ ಗೆಳೆಯ ಇದನ್ನೇ ನಂಬಿ ಕಾರ್ಬನ್ ಚಕ್ರ ಕೊಳ್ಳಲು ಹೊರಟಿದ್ದ. ಬೆಲೆ 60 ಸಾವಿರ, ಉಳಿಯೋ ತೂಕ 400 ಗ್ರಾಂ. ‘ಇಎಂಐ ಹಾಕಿಸ್ಲಾ?’ ಅಂದ. ಇಬ್ಬರೂ ಕೂತು ಲೆಕ್ಕ ಹಾಕಿದೆವು.

ಆ ಮಾತು ಸುಳ್ಳಲ್ಲ. ರಿಮ್ ಮುಂದಕ್ಕೂ ಹೋಗಬೇಕು, ತಿರುಗಲೂ ಬೇಕು. ಹಾಗಾಗಿ ವೇಗ ಹೆಚ್ಚಿಸುವಾಗ ಅದರ 400 ಗ್ರಾಂ ಸುಮಾರು 800 ಗ್ರಾಂ ಲೆಕ್ಕಕ್ಕೆ ಬರುತ್ತೆ. ಆದರೆ ಸವಾರ, ಸೈಕಲ್ ಸೇರಿ 82 ಕಿಲೋ. ಅದರಲ್ಲಿ 800 ಗ್ರಾಂ ಅಂದರೆ ಶೇ. 1. ಅದೂ ವೇಗ ಏರಿಸುವಾಗ ಮಾತ್ರ. ಸಿಗ್ನಲ್ಲಿಗೊಮ್ಮೆ ನಿಂತು ಹೊರಡೋ ಬೆಂಗಳೂರಿನಲ್ಲಿ ಸ್ವಲ್ಪ ಗೊತ್ತಾದೀತು. ನಮ್ಮ ದಾರಿಯಲ್ಲಿ ಒಮ್ಮೆ ಲಯ ಸಿಕ್ಕರೆ ಮುಗೀತು.

ಏರಿನಲ್ಲಿ ಎರಡು ಪಟ್ಟಿನ ಲೆಕ್ಕವೂ ಇಲ್ಲ. ತೂಕ ಎಲ್ಲಿದ್ದರೂ ತೂಕವೇ. ಅರ್ಧ ಗಂಟೆಯ ಏರಿನಲ್ಲಿ 400 ಗ್ರಾಂ ಉಳಿಸಿಕೊಡೋದು ಎಂಟೊಂಬತ್ತು ಸೆಕೆಂಡ್. ತೆರಕಣಾಂಬಿಯಲ್ಲಿ ನಿಂತು ಒಂದು ಎಳನೀರು ಕುಡಿದರೆ ಆ ತೂಕ ಹೊಟ್ಟೆಗೆ ವಾಪಸ್!

ನಮ್ಮನ್ನು ನಿಜಕ್ಕೂ ತಡೆಯೋದು ಗಾಳಿ. ಜೂನ್, ಜುಲೈನಲ್ಲಿ ಗುಂಡ್ಲುಪೇಟೆ ಕಡೆ ಸೂರ್ಯಕಾಂತಿ ಅರಳೋ ಹೊತ್ತಿಗೆ ಮುಂಗಾರು ಗಾಳಿ ಪಶ್ಚಿಮದಿಂದ ಎದೆಗೇ ಹೊಡೆಯುತ್ತೆ. ಗಾಳಿ ಇಲ್ಲದ ದಿನವೂ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ವೇಗ ಮುಟ್ಟಿದರೆ ನಮ್ಮ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿ ಸೀಳೋಕೇ ಹೋಗುತ್ತೆ. 1984ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ಮೋಸರ್ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಯಲ್ಲಿ 51.151 ಕಿ.ಮೀ. ತುಳಿದು ದಾಖಲೆ ಬರೆದಾಗ ಅವರ ಸೈಕಲ್ಲಿಗೆ ಇದ್ದದ್ದು ತಟ್ಟೆಯಂಥ ಮುಚ್ಚಿದ ಚಕ್ರಗಳು. ತೂಕ ಇಳಿಸೋಕೆ ಅಲ್ಲ, ಗಾಳಿ ಸುಲಭವಾಗಿ ಸೀಳೋಕೆ. ರೇಸಿನಲ್ಲಿ ಗುಂಪಿನಿಂದ ಛಂಗನೆ ಮುಂದೆ ಜಿಗಿಯೋರಿಗೆ ಆ ಶೇ. 1 ಬೇಕು. ನನ್ನ ಗೆಳೆಯ ಚಕ್ರ ಬಿಟ್ಟು ಒಳ್ಳೆ ಟೈರ್ ಹಾಕಿಸಿದ. ಹ್ಯಾಂಡಲ್ ಮೇಲೆ ಬಗ್ಗಿ ತುಳಿಯೋದು ರೂಢಿ ಮಾಡಿಕೊಂಡ.

ಈ ಲೆಕ್ಕ ನಿಜವಾಗಿ ಕೆಲಸಕ್ಕೆ ಬಂದದ್ದು ಅಕ್ಕನ ಮಗಳಿಗೆ. ಹಳ್ಳಿಯಿಂದ ಶಾಲೆಗೆ 5 ಕಿ.ಮೀ. ‘ಮಾವ, ಈ ಸೈಕಲ್ ತುಂಬಾ ಭಾರ. ನಾನು ತುಳಿಯಲ್ಲ, ಬಸ್ಸಲ್ಲಿ ಹೋಗ್ತೀನಿ’ ಅಂದಳು. ಆ ಬಸ್ಸಿಗೆ ಕಾದರೆ ಎಸ್ಸೆಸ್ಸೆಲ್ಸಿಯ ಬೆಳಗಿನ ಸ್ಪೆಷಲ್ ಕ್ಲಾಸ್ ತಪ್ಪುತ್ತೆ. ಸೈಕಲ್ ಎತ್ತಿ ನೋಡಿದೆ. ಭಾರ ಹೌದು. ಆದರೆ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದರೆ ಎರಡು ಸುತ್ತಿಗೇ ನಿಂತಿತು. ಬ್ರೇಕ್ ರಬ್ಬರ್ ರಿಮ್ಮಿಗೆ ಉಜ್ಜುತ್ತಿತ್ತು. ಟೈರ್ ಹೆಬ್ಬೆರಳಿಗೆ ಮೆತ್ತಗೆ ಒಳಹೋಯಿತು. ಚೈನ್ ಒಣಗಿತ್ತು. ಸೀಟು ಎಷ್ಟು ತಗ್ಗಿತ್ತೆಂದರೆ ಅವಳ ಮಂಡಿ ಹೊಟ್ಟೆಗೆ ತಾಗುವಂತಿತ್ತು. ನಿಧಾನ ತುಳಿಯೋರಿಗೆ ಗಾಳಿಗಿಂತ ಇಂಥ ಉಜ್ಜಾಟವೇ ದೊಡ್ಡ ಶತ್ರು.

ಬ್ರೇಕ್ ಸರಿಪಡಿಸಿ, ಎಣ್ಣೆ ಬಿಟ್ಟು, ಗಾಳಿ ತುಂಬಿ, ಸೀಟು ಎತ್ತರಿಸೋಕೆ ಖರ್ಚಾದದ್ದು 120 ರೂಪಾಯಿ. ತೂಕ ಒಂದು ಗ್ರಾಮೂ ಇಳಿಯಲಿಲ್ಲ. ಒಂದು ಸುತ್ತು ಹೊಡೆದು ಬಂದವಳು, ‘ಚಕ್ರ ಬದಲಾಯಿಸಿದ್ಯಾ ಮಾವ?’ ಅಂತ ಕೇಳಿದಳು. ಈಗ ಪ್ರತಿ ಶನಿವಾರ ಅವಳೇ ಹೆಬ್ಬೆರಳಲ್ಲಿ ಟೈರ್ ಒತ್ತಿ ನೋಡ್ತಾಳೆ. ಬಸ್ಸಿನ ಮಾತು ಎತ್ತಿಲ್ಲ.