ಭಾಗ 6: ಅಮಾವಾಸ್ಯೆಗೆ ಬಿದ್ದ ವೀಕೆಂಡ್

ಹೆಂಗಸರ ಫ್ಲೈ ಫಿಶಿಂಗ್ ರೀಲ್ಸ್ ನಿಮ್ಮ ಫೀಡ್‌ನಲ್ಲೂ ಬಂದಿರಬಹುದು. ಎದೆವರೆಗೆ ಬರೋ ರಬ್ಬರ್ ಪ್ಯಾಂಟು, ತಂಪು ಕನ್ನಡಕ, ಕೈಯಲ್ಲಿ ತೆಳ್ಳನೆಯ ಉದ್ದ ಕೋಲು. ಗಾಳಕ್ಕೆ ಎರೆಹುಳ ಇಲ್ಲ, ಸಿಗಡಿ ಇಲ್ಲ. ಹಕ್ಕಿ ಪುಕ್ಕ, ದಾರ ಸುತ್ತಿ ಮಾಡಿದ ಸುಳ್ಳು ಹುಳ ಅಷ್ಟೆ. ಆ ಹುಳಕ್ಕೆ ತೂಕಾನೇ ಇರಲ್ಲ, ಹಾಗಾಗಿ ದಾರದ ತೂಕವೇ ಅದನ್ನ ಹೊತ್ಕೊಂಡು ಹೋಗ್ಬೇಕು. ಅವರು ಕೋಲನ್ನ ಹಿಂದೆ ಮುಂದೆ ಅಷ್ಟು ಚೆಂದ ಬೀಸೋದು ಅದಕ್ಕೇ, ಸ್ಟೈಲಿಗಲ್ಲ. ನ್ಯೂಯಾರ್ಕ್‌ನಲ್ಲಿ 1932ರಲ್ಲೇ ಹೆಂಗಸರು ಸೇರಿ ಇಂಥದ್ದೊಂದು ಕ್ಲಬ್ ಮಾಡ್ಕೊಂಡಿದ್ರು. ಈಗ ಇಂಥ ಕ್ಲಬ್ಬಿನವರು ಶನಿವಾರ ಭಾನುವಾರ ನೋಡ್ಕೊಂಡು ಸಮುದ್ರದ ಕಡೆಗೂ ಹೋಗ್ತಾರೆ. ಹಿಡಿದ ಮೀನನ್ನ ಎಷ್ಟೋ ಜನ ವಾಪಸ್ ನೀರಿಗೇ ಬಿಡ್ತಾರೆ.

ಹಾಸ್ಟೆಲ್‌ನಲ್ಲಿ ನಾಲ್ಕು ಜನ ಕೂತು ಇದನ್ನ ನೋಡ್ತಿದ್ವಿ. ಹಾವೇರಿಯವಳು ನನ್ನ ಕಡೆ ತಿರುಗಿ, 'ನಿಮ್ಮೂರಾಗ ಸಮುದ್ರ ಐತಲ್ಲ, ನಾವೂ ಹೋಗೂಣು ನಡಿ' ಅಂದ್ಳು. ಹಾಗೆ ಆಗಿದ್ದು ಈ ಟ್ರಿಪ್. ಹುಬ್ಬಳ್ಳಿಯಿಂದ ಯಲ್ಲಾಪುರ, ಅಂಕೋಲಾ, ಕುಮಟಾ. ಘಟ್ಟದಲ್ಲಿ ಒಬ್ಬಳಿಗೆ ವಾಂತಿ, ಇನ್ನೊಬ್ಬಳಿಗೆ ನಿದ್ದೆ. ಬಸ್ ಪ್ರಯಾಣದ ಬಗ್ಗೆ ಇಷ್ಟು ಸಾಕು.

ನಮ್ಮೂರು ಅಘನಾಶಿನಿ ಹೊಳೆ ಸಮುದ್ರ ಸೇರೋ ಕಡೆ ಇದೆ. ಶಿರಸಿಯಲ್ಲಿ ಹುಟ್ಟಿ ಒಂದೂ ಅಣೆಕಟ್ಟಿಲ್ಲದೆ ಇಲ್ಲಿವರೆಗೆ ಬರೋ ಹೊಳೆ ಇದು. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರ್ತು ಅಂತ ಸ್ಟೇಟಸ್ ಹಾಕಿದ್ರಲ್ಲ ಎಲ್ಲರೂ, ಅದೇ. ಇಲ್ಲಿ ಹೆಂಗಸರು ಕೋಲು ಹಿಡಿಯಲ್ಲ, ಬೆಳಚು ತೆಗೀತಾರೆ. ಬೆಳಚು ಅಂದ್ರೆ ಕಪ್ಪೆಚಿಪ್ಪಿನ ಜಾತಿ. ಮಂಗಳೂರು ಕಡೆಯವರು ಮರುವಾಯಿ ಅಂತಾರೆ. ನಮ್ಮಮ್ಮಾನೂ ಅದನ್ನೇ ತೆಗೆಯೋದು.

ಈಗ ವೀಕೆಂಡ್ ವಿಷಯಕ್ಕೆ ಬರ್ತೀನಿ. ಅಮ್ಮನಿಗೆ ಶನಿವಾರ ಭಾನುವಾರ ಅನ್ನೋದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಇದೆ. ಆಗ ಇಳಿತ ಜೋರು, ನೀರು ತುಂಬಾ ದೂರ ಹಿಂದೆ ಸರಿಯುತ್ತೆ, ಬೇರೆ ದಿನ ಕಾಲು ಎಟುಕದ ಜಾಗದಲ್ಲಿ ಮಂಡಿ ಮಟ್ಟದ ನೀರಿರುತ್ತೆ. ಇಳಿತದ ಹೊತ್ತು ದಿನಾ ಸುಮಾರು ಮುಕ್ಕಾಲು ತಾಸು ಮುಂದಕ್ಕೆ ಹೋಗ್ತಾ ಇರುತ್ತೆ. ಆ ಲೆಕ್ಕ ಅಮ್ಮ ಕ್ಯಾಲೆಂಡರ್ ನೋಡದೇ ಹೇಳ್ತಾಳೆ. ನಾವು ಹೋದ ಶನಿವಾರ ಅಮಾವಾಸ್ಯೆ ಬಿದ್ದಿತ್ತು. ನಮ್ಮ ಅದೃಷ್ಟ ಅಷ್ಟೆ.

ಬೆಳಗ್ಗೆ ಇನ್ನೂ ಮಬ್ಬಿರುವಾಗಲೇ ನೀರಿಗೆ ಇಳಿದ್ವಿ. ಮೊದಲು ಕಾಲಲ್ಲಿ ಹುಡುಕಬೇಕು. ಹಿಮ್ಮಡಿ ಊರಿ, ಮರಳಲ್ಲಿ ಪಾದ ಸ್ವಲ್ಪ ಉಜ್ಜಿದ್ರೆ ಗಟ್ಟಿಯಾಗಿ ಏನೋ ತಗುಲುತ್ತೆ. ಕಲ್ಲೋ ಬೆಳಚೋ ಅಂತ ಪಾದಕ್ಕೇ ಗೊತ್ತಾಗ್ಬೇಕು. ಆಮೇಲೆ ಬಗ್ಗಿ, ಕೈ ಹಾಕಿ, ಕೆದಕಿ ತೆಗೆದು ಸೊಂಟದ ಬಲೆ ಚೀಲಕ್ಕೆ ಹಾಕೋದು. ಗದಗಿನವಳು ಅರ್ಧ ತಾಸಲ್ಲಿ ತೆಗೆದ ಏಳರಲ್ಲಿ ನಾಲ್ಕು ಖಾಲಿ ಚಿಪ್ಪು. ಅಷ್ಟರಲ್ಲಿ ಅಮ್ಮನ ಚೀಲ ತುಂಬಿತ್ತು. ಅವಳು ನೀರು ನೋಡೋದೇ ಇಲ್ಲ, ದಡದಲ್ಲಿರೋ ನಮ್ಮನ್ನ ನೋಡ್ಕೊಂಡು ಮಾತಾಡ್ತಾ ಇರ್ತಾಳೆ, ಕೈ ಅದರ ಪಾಡಿಗೆ ಕೆಲಸ ಮಾಡುತ್ತೆ.

ಸಣ್ಣವು ಬಂದ್ರೆ ವಾಪಸ್ ಬಿಡ್ತಾಳೆ. 'ಅದು ಬೀಜ, ಬಿಡಿ ಮಕ್ಕಳೆ' ಅಂದ್ಳು. ರೀಲ್ಸ್‌ನಲ್ಲಿ ಮೀನು ವಾಪಸ್ ಬಿಟ್ಟಾಗ ಹಿಂದೆ ಮ್ಯೂಸಿಕ್ ಬರುತ್ತಲ್ಲ, ಇಲ್ಲಿ ಪುಳಕ್ ಅಂತ ಒಂದು ಸದ್ದು.

ನಾವು ಮೂರು ತಾಸಿಗೆ ಸುಸ್ತು. ಸೊಂಟ ನೆಟ್ಟಗಾಗ್ತಿಲ್ಲ, ಚಿಪ್ಪಿನ ಅಂಚಿಗೆ ಬೆರಳೆಲ್ಲ ಕೊಯ್ದು ಉಪ್ಪುನೀರು ಉರೀತಿದೆ. ಸ್ವೈಪ್ ಮಾಡಿದ್ರೆ ಮೂರನೇ ಫೋಟೋದಲ್ಲಿ ಎರಡು ಜೊತೆ ಕೈ ಇದೆ, ಒಂದು ನಮ್ಮದು, ಒಂದು ಅಮ್ಮಂದು. ಮುಖ ಬೇಡ ಅಂದಿದ್ದಾಳೆ, ಹಾಕಿಲ್ಲ.

ರಾತ್ರಿ ಬೆಳಚಿನ ಸುಕ್ಕ. ಮರಳು ಬಿಡಲಿ ಅಂತ ನೀರಲ್ಲಿ ಇಟ್ಟು, ಬೇಯಿಸಿ, ಬಾಯಿ ಬಿಟ್ಟ ಮೇಲೆ ಒಂದು ಚಿಪ್ಪು ತೆಗೆದು ಕಾಯಿ ಮಸಾಲೆ. ಊಟ ಆದ್ಮೇಲೆ ಅಮ್ಮನಿಗೆ ಆ ರೀಲ್ ತೋರಿಸಿದೆ. ಪೂರ್ತಿ ನೋಡಿದ್ಳು.

'ತಿನ್ನೂದಿಲ್ವಾ ಅದನ್ನ?'

'ಇಲ್ಲಮ್ಮ, ಬಿಟ್ಬಿಡ್ತಾರೆ.'

'ಮತ್ತೆ ಎಂತಕೆ ಹೋಗಿದ್ದು?'

'ಖುಷಿಗೆ.'

ಸ್ವಲ್ಪ ಹೊತ್ತು ಸುಮ್ನಿದ್ದು, 'ಆ ಪ್ಯಾಂಟು ಒಳ್ಳೇದು, ಕಾಲು ಕೊಯ್ಯೂದಿಲ್ಲ' ಅಂದ್ಳು. ಆಮೇಲೆ ನನ್ನ ಗೆಳತಿಯರಿಗೆ ಕೇಳೋ ಹಾಗೆ, 'ಇವಳು ಇವತ್ತು ಇಳಿದಿದ್ದು ಸಾಕು. ಡಿಗ್ರಿ ಮಾಡಿ ಇದೇ ಹೊಳೆಗೆ ಇಳಿದ್ರೆ ನಾ ಇಷ್ಟು ವರ್ಷ ಇಳಿದಿದ್ದು ಎಂತಕೆ?'

ನನ್ನ ಹತ್ರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವರು ಖುಷಿಗೆ ನೀರಿಗೆ ಇಳೀತಾರೆ. ಅಮ್ಮ, ನಾನು ಇಳೀಬಾರದು ಅಂತ ಇಳೀತಾಳೆ. ನನಗೆ ಮಾತ್ರ ಇಳಿಯೋಕೆ ಇಷ್ಟ. ಕಾಲಿಗೆ ಬೆಳಚು ತಗುಲಿದಾಗ ಆಗೋ ಖುಷಿ ಅಮ್ಮನಿಗೂ ಆಗುತ್ತೆ ಅಂತ ನನ್ನ ಗುಮಾನಿ, ಒಪ್ಪಲ್ಲ ಅಷ್ಟೆ.

ಕಾಮರ್ಸ್‌ನವರಿಗೆ ಒಂದು ಮಾತು. ಒಬ್ಬರೇ ನಡೆಸೋ ವ್ಯಾಪಾರದ ಅಕೌಂಟ್ಸ್‌ನಲ್ಲಿ ಮಾಲೀಕರ ದುಡಿಮೆಗೆ ಸಂಬಳ ಅಂತ ಬರೆಯೋ ಹಾಗಿಲ್ಲ, ನೆನಪಿದೆ ಅಲ್ವಾ? ಅವರು ತಗೊಂಡಿದ್ದೆಲ್ಲ ಡ್ರಾಯಿಂಗ್ಸ್. ಅಮ್ಮನ ಲೆಕ್ಕ ಬರೆಯೋಕೆ ಕೂತೆ. ಬಂಡವಾಳ ಒಂದು ಚೀಲ. ಡ್ರಾಯಿಂಗ್ಸ್ ಕಾಲಂನಲ್ಲಿ ನನ್ನ ಫೀಸು, ಹಾಸ್ಟೆಲ್, ಈ ಪೋಸ್ಟ್ ಹಾಕ್ತಿರೋ ಫೋನು. ಮೂರು ತಾಸು ಬಗ್ಗಿದ ಸೊಂಟಕ್ಕೆ ಕಾಲಮ್ಮೇ ಇಲ್ಲ.

ಸ್ಕಾಲರ್‌ಶಿಪ್ ಫಾರ್ಮ್‌ನಲ್ಲಿ ಪ್ರತಿ ಸಲ ತಾಯಿಯ ಉದ್ಯೋಗ 'ಗೃಹಿಣಿ' ಅಂತ ಹಾಕು ಅಂತಾಳೆ ಅಮ್ಮ. ಈ ಸಲ ಆನ್‌ಲೈನ್‌ನಲ್ಲಿ ಹುಡುಕಿದೆ. ರೈತ ಇದೆ, ಕೂಲಿ ಇದೆ, ಬೆಳಚು ತೆಗೆಯುವವರು ಇಲ್ಲ. 'ಇತರೆ' ಒತ್ತಿದೆ, ಪಕ್ಕದ ಖಾಲಿ ಡಬ್ಬಿಯಲ್ಲಿ ಕನ್ನಡದಲ್ಲೇ ಟೈಪ್ ಮಾಡಿದೆ, ಸಬ್ಮಿಟ್ ಆಯ್ತು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಗೆಳತಿಯರು ಮತ್ತೆ ಯಾವಾಗ ಅಂತ ಕೇಳ್ತಿದ್ದಾರೆ. ಮುಂದಿನ ಅಮಾವಾಸ್ಯೆ ಸೋಮವಾರ, ಅವತ್ತು ಕಾಸ್ಟಿಂಗ್ ಇಂಟರ್ನಲ್ಸ್.