ನಾಲ್ಕಕ್ಕೆ ಎಷ್ಟು?

ನಮ್ಮ ಫೀಲ್ಡಲ್ಲಿ ಟೆಸ್ಟಿಂಗ್ ಅಂದ್ರೆ ಒಂದು ಬೇರೆ ಕಸುಬೇ. ಟೆಸ್ಟ್ ಕೇಸ್ ಬರೆಯೋದನ್ನ ವಾರಗಟ್ಟಲೆ ಕಲಿಸ್ತಾರೆ. ಚಳ್ಳಕೆರೆ-ಮೊಳಕಾಲ್ಮೂರು ನಡುವಿನ ಒಂದು ಹೈಸ್ಕೂಲಲ್ಲಿ ಇಂಗ್ಲಿಷ್ ಹೇಳಿಕೊಡೋ ನಮ್ಮತ್ತಿಗೆಗೆ ಪಾಠ ಮಾಡೋದು ಹೇಗೆ ಅಂತ ಬೇಕಾದಷ್ಟು ತರಬೇತಿ ಆಗಿದೆ. ಪ್ರಶ್ನೆ ತೆಗೆಯೋಕೆ, ಮಾರ್ಕ್ಸ್ ಹಾಕೋಕೆ ಒಂದು ದಿನಾನೂ ಇಲ್ವಂತೆ! ಬ್ಲೂಪ್ರಿಂಟ್ ಕೊಡ್ತಾರೆ, ತುಂಬಬೇಕು, ಅಷ್ಟೆ.

ಕಳೆದ ಸಲ ಹೋದಾಗ ಪೇಪರ್ ಕಟ್ಟು ಮುಂದಿಟ್ಕೊಂಡು ಕೂತಿದ್ರು. ನಾಲ್ಕು ಅಂಕದ ಪ್ರಶ್ನೆ, ನಿಮ್ಮ ಊರಿನ ಬಗ್ಗೆ ಬರೆಯಿರಿ ಅಂತ. ಒಬ್ಬ ಹುಡುಗಿ ಒಂದು ಸ್ಪೆಲ್ಲಿಂಗೂ ತಪ್ಪಿಲ್ಲದೆ ಹಸಿರು ಬೆಟ್ಟ, ವರ್ಷವಿಡೀ ಹರಿಯೋ ನದಿ ಅಂತ ಬರೆದಿದ್ಲು. ಚಳ್ಳಕೆರೆ ಸೀಮೆಯಲ್ಲಿ ಸ್ವಾಮಿ, ಮೋಡ ಕಂಡ್ರೆ ಹಬ್ಬ ಮಾಡೋ ಕಡೆ! ಪೂರ್ತಿ ಗೈಡಿನ ಊರು ಅದು. ಇನ್ನೊಬ್ಬ ಹುಡುಗ, ಮನೇಲಿ ತೆಲುಗು, ಶಾಲೇಲಿ ಕನ್ನಡ. ಅವನು ಬರೆದದ್ದು: "ಫಾದರ್ ಗೋ ಚಳ್ಳಕೆರೆ ಮಿಲ್. ಗ್ರೌಂಡ್‌ನಟ್ ರೇಟ್ ಡೌನ್. ಫಾದರ್ ನೋ ಟಾಕ್."

"ಯಾರಿಗೆ ಜಾಸ್ತಿ ಕೊಡ್ಲಿ, ನೀನೇ ಹೇಳಪ್ಪ" ಅಂದ್ರು ಅತ್ತಿಗೆ.

ಎಸ್ಸೆಸ್ಸೆಲ್ಸಿ ಇಂಗ್ಲಿಷಲ್ಲಿ ಬರೆಯೋದಕ್ಕೆ 80, ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ 20. ಮಾತಾಡೋದು, ಕೇಳಿ ಅರ್ಥ ಮಾಡಿಕೊಳ್ಳೋದು ಇದ್ರೆ ಈ 20ರಲ್ಲೇ. ಆ 80ರಲ್ಲಿ ಆ ಹುಡುಗಿ ಗೆಲ್ತಾಳೆ, ಅದರಲ್ಲಿ ಅನುಮಾನ ಇಲ್ಲ.

2023ರಲ್ಲಿ ಫಲಿತಾಂಶದಲ್ಲಿ ಚಿತ್ರದುರ್ಗ ಇಡೀ ರಾಜ್ಯಕ್ಕೇ ಮೊದಲು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳೀತು, ಅದೂ ಕೃಪಾಂಕ ಸೇರಿಸಿದ ಮೇಲೆ. ನಮ್ಮ ಜಿಲ್ಲೆಗೆ ಮೊದಲ ಸ್ಥಾನ ಹೋಯ್ತು. ಕ್ಯಾಮೆರಾ ಬೇಕು, ನಾನೇನೂ ಬೇಡ ಅನ್ನಲ್ಲ. ಆದ್ರೆ ಕಾಪಿ ಹೊಡೆಯೋದು ಅದಕ್ಕೆ ಕಾಣತ್ತೆ, ಬಾಯಿಪಾಠ ಕಾಣಲ್ಲ ನೋಡಿ. ಆ ಹುಡುಗಿ ನದಿ ಹರಿಸಿದ್ದು ಯಾವ ಕ್ಯಾಮೆರಾಕ್ಕೂ ಸಿಗಲ್ಲ.

ಬೆಂಗಳೂರಲ್ಲಿ 1963ರಿಂದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, ಮೇಷ್ಟ್ರುಗಳಿಗೆ ತಿಂಗಳುಗಟ್ಟಲೆ ಕೋರ್ಸ್ ನಡೆಸಿದೆ. ಆದ್ರೆ ಶಾಲೆ ಬಿಟ್ಟು, ಮನೆ ಬಿಟ್ಟು ಎಷ್ಟು ಜನ ಅಲ್ಲಿಗೆ ಹೋಗೋಕಾಗತ್ತೆ? ನನ್ನ ಪ್ರಕಾರ ತಾಲ್ಲೂಕು ಮಟ್ಟದಲ್ಲೇ ಎರಡು ದಿನ ಸಾಕು. ಹತ್ತು ಜನ ಒಂದೇ ಪೇಪರ್‌ಗೆ ಬೇರೆ ಬೇರೆ ಕೂತು ಅಂಕ ಹಾಕಿ, ಆಮೇಲೆ ಎದುರುಬದುರು ಕೂತು ಯಾಕೆ ಅಂತ ಹೇಳಬೇಕು. ನಮ್ಮಲ್ಲಿ ಕೋಡ್ ರಿವ್ಯೂ ಮಾಡಲ್ವಾ, ಹಾಗೆ.

ಇದನ್ನ ಕೇಳಿ ಅತ್ತಿಗೆ ಹೆಸರು ಮುಚ್ಚಿ ಹುಡುಗನ ಉತ್ತರದ ಫೋಟೋನ ಇಬ್ಬರು ಸಹೋದ್ಯೋಗಿಗಳಿಗೆ ಕಳಿಸಿದ್ರು. ಚಳ್ಳಕೆರೆಯಿಂದ ಸೊನ್ನೆ ಬಂತು, ಮೊಳಕಾಲ್ಮೂರಿಂದ ಮೂರು. ರಾತ್ರಿ ಹನ್ನೊಂದಾದ್ರೂ ಫೋನಲ್ಲಿ ಮೂವರ ವಾದ ಮುಗಿದಿರಲಿಲ್ಲ.