ಮುಚ್ಚಿಟ್ಟ ಗಡಿಗೆ

ಕೊಂಕಣದ ಬೆನೆ ಇಸ್ರೇಲಿ ಯಹೂದಿಗಳು ಗಾಣ ಹೂಡಿ ಬದುಕಿದವರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಮರಾಠಿಯಲ್ಲಿ 'ಶನಿವಾರ ತೇಲಿ' ಎನಿಸಿಕೊಂಡರು. ಅವರ ಇತಿಹಾಸ ಬರೆದ ಕೆಹಿಮ್‌ಕರ್ ಅವರ ಪುಸ್ತಕ ಪ್ರಕಟವಾದದ್ದು 1937ರಲ್ಲಿ. ಅದರಲ್ಲೊಂದು ಹಬ್ಬದ ಹೆಸರಿದೆ: 'ಅನಶಿ ಢಾಕಾಚಾ ಸಣ', ಹುಳಿನೀರಿನ ಗಡಿಗೆ ಮುಚ್ಚಿಡುವ ಹಬ್ಬ. ಅದು ಪಾಸೋವರ್. ಈಜಿಪ್ಟಿನ ಗುಲಾಮಗಿರಿಯಿಂದ ಹೊರಟವರಿಗೆ ಹಿಟ್ಟು ಹುಳಿಬರುವಷ್ಟೂ ಪುರುಸೊತ್ತಿರಲಿಲ್ಲ ಎಂಬುದು ಅದರ ಕತೆ. ಪರದೇಶದಲ್ಲಿ ತಲೆಮಾರು ಕಳೆದು ಹಬ್ಬದ ಮೂಲ ಹೆಸರು ಮರೆತಿತ್ತು, ಗಡಿಗೆಯ ಮುಚ್ಚಳ ಉಳಿದಿತ್ತು.

ಬೆಳಗಾವಿಯಲ್ಲಿ ಸಂಶೋಧನೆಯ ಓದಿನ ನಡುವೆ ಇದು ಸಿಕ್ಕಾಗ ಜರ್ಮನಿಯಲ್ಲಿರುವ ಅಕ್ಕ ನೆನಪಾದಳು. ನಮ್ಮೂರು ಖಾನಾಪುರ ತಾಲೂಕಿನ ಬೀಡಿಯ ಕಡೆ. ಸೀಗಿ ಹುಣ್ಣಿಮೆಗೆ ಪೈರನ್ನು ಬಸುರಿಯೆಂದು ಪೂಜಿಸಿ, ಹೊಲದ ತುಂಬ ಚರಗ ಚೆಲ್ಲುವವರು ನಾವು. ಅಕ್ಕನಿಗೆ ಅಲ್ಲಿ ಹೊಲವೆಲ್ಲಿ? ಬಾಲ್ಕನಿಯ ಕುಂಡದ ಮೆಂತ್ಯಕ್ಕೇ ಮೊಸರನ್ನ ಚೆಲ್ಲಿದಳಂತೆ. ಐದು ವರ್ಷದ ಮಗ, "ಯಾಕವ್ವಾ, ಮೆಂತ್ಯಾ ಅನ್ನಾ ಉಣ್ತೈತೇನು?" ಅಂದನಂತೆ.

ಪಾಸೋವರಿನ ಊಟದಲ್ಲಿ ಮನೆಯ ಕಿರಿಯ ಮಗು ಪ್ರಶ್ನೆ ಕೇಳುವುದೇ ಆಚರಣೆಯ ಭಾಗ. ಹಿರಿಯರು ಕತೆ ಹೇಳಲೇಬೇಕು. ನಮ್ಮಲ್ಲಿ "ಸುಮ್ನ ಕೈ ಮುಗಿ" ಎಂದರೆ ಮುಗಿಯಿತು. ಹೊಲದಲ್ಲಿ ನಿಂತಾಗ ಅದು ಸಾಕಾಗುತ್ತಿತ್ತು, ತೆನೆಗಟ್ಟುವ ಪೈರೇ ಉತ್ತರ ಹೇಳುತ್ತಿತ್ತು. ಹೋದ ವರ್ಷ ಆ ಹೊಲವೂ ಮಾರಾಟವಾಯಿತು. ಬೆಳಗಾವಿಯ ಬಾಡಿಗೆ ಮನೆಯಲ್ಲಿ ನನ್ನ ಮಗಳಿಗೂ ಈಗ ಕುಂಡವೇ ಹೊಲ. ಅಲ್ಲಿ ಚರಗ ಚೆಲ್ಲಿದರಷ್ಟೇ ಸಾಲದು, ಪಕ್ಕದಲ್ಲಿ ಕುಳಿತು ಹೊಲದ ಕತೆಯನ್ನೂ ಹೇಳಬೇಕು.